ಅಕ್ಕಡಿ ನಮ್ಮದು, ಹೊಲ ಯಾರದು?

ಕಳೆದ ಸುಗ್ಗಿ ಮುಗಿದ ಮೇಲೆ ಮಂಡ್ಯದಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಒಂದು ದಿನದ ತರಬೇತಿ ಇತ್ತು. ಮದ್ದೂರು, ಮಳವಳ್ಳಿ ಕಡೆಯಿಂದಲೂ ಬಸ್ಸು ಹತ್ತಿ ಬಂದಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಹಿರಿಯರೊಬ್ಬರು ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿದರು. "ಬೇಸಾಯಕ್ಕಿಂತ ದೊಡ್ಡ ಔಷಧಿ ಇಲ್ಲ. ಮಣ್ಣು ಮುಟ್ಟಿ ಕೆಲಸ ಮಾಡುವವರಿಗೆ ಮನಸ್ಸಿನ ಕಾಯಿಲೆ ಹತ್ತಿರ ಬರುವುದಿಲ್ಲ. ಪೇಟೆಯವರು ಈಗ ದುಡ್ಡು ಕೊಟ್ಟು ತೋಟದ ಕೆಲಸ ಮಾಡಲು ಹೋಗುತ್ತಿದ್ದಾರೆ, ನಿಮಗೆ ಅದು ಬಿಟ್ಟಿಯಾಗಿ ಸಿಕ್ಕಿದೆ" ಎಂದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಳವಳ್ಳಿ ಕಡೆಯ ಒಬ್ಬ ಅಕ್ಕ ಎದ್ದು ನಿಂತಳು. "ಹಂಗಾದ್ರೆ ನಂಗ್ಯಾಕೆ ಬಂತು ಸ್ವಾಮಿ? ನಾನು ಹುಟ್ಟಿದಾಗ್ಲಿಂದ ಮಣ್ಣಲ್ಲೇ ಇವ್ನಲ್ಲ" ಎಂದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಮಾತಾಡಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆ ಅಕ್ಕನ ಪ್ರಶ್ನೆಗೆ ಅವರಲ್ಲಿ ಉತ್ತರ ಇರಲಿಲ್ಲ. ಅವತ್ತಿನಿಂದ ನಾನು ಉತ್ತರ ಹುಡುಕುತ್ತಿದ್ದೇನೆ. ನನ್ನ ಬದುಕಿನಲ್ಲೇ ಅರ್ಧ ಉತ್ತರ ಇತ್ತು. ಅದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ನಾನು ಮಳವಳ್ಳಿ ತಾಲ್ಲೂಕಿನ ಖುಷ್ಕಿ ಊರಿನಲ್ಲಿ ಹುಟ್ಟಿದವಳು. ಮಳೆ ಬಂದರೆ ರಾಗಿ, ಹುರುಳಿ, ಬಾರದಿದ್ದರೆ ಕೂಲಿ. ಅಪ್ಪನಿಗೆ ಮೂರು ಎಕರೆ ಇತ್ತು. 1994ರ ಮೇ ತಿಂಗಳಲ್ಲಿ ನನ್ನ ಮದುವೆಗೆಂದು ಅದರಲ್ಲಿ ಒಂದು ಎಕರೆ ಮಾರಿದರು. ಮೂವತ್ತು ಸಾವಿರ ರೂಪಾಯಿ, ಐದು ತೊಲ ಚಿನ್ನ, ಊಟದ ಖರ್ಚು. ಗಂಡಿನ ಮನೆ ಮದ್ದೂರು ಕಡೆ ನಾಲೆ ಬಯಲಿನಲ್ಲಿ. ಭತ್ತ, ಕಬ್ಬು, ಬದುವಿನ ಮೇಲೆ ತೆಂಗು. "ನೀರಾವರಿ ಮನೆಗೆ ಬಿದ್ದಳು, ಪುಣ್ಯವಂತೆ" ಎಂದು ಊರೆಲ್ಲ ಹೇಳಿತು.

ಅದೇ ವರ್ಷ ಜುಲೈ 30ರಂದು ಕರ್ನಾಟಕದಲ್ಲಿ ಒಂದು ಕಾನೂನು ಜಾರಿಗೆ ಬಂತು. ಹಿಂದೂ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿರುವಂತೆ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಅದು ಹೇಳಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿತು. ನಾನು ಎರಡು ತಿಂಗಳಿನಲ್ಲಿ ತಪ್ಪಿಸಿಕೊಂಡವಳು. ಇದೆಲ್ಲ ನನಗೆ ಆಗ ಎಲ್ಲಿ ಗೊತ್ತಿತ್ತು! ಗೊತ್ತಾಗುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು.

ಗಂಡನ ಮನೆಯಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಕೋಳಿ ಕೂಗುವ ಮೊದಲು ಏಳುವುದು, ಕೊಟ್ಟಿಗೆ, ಒಲೆ, ಆಮೇಲೆ ಗದ್ದೆ. ಮೊಣಕಾಲುದ್ದ ಕೆಸರಿನಲ್ಲಿ ನಾಟಿ, ಕಬ್ಬಿನ ಗರಿ ಮೈಯೆಲ್ಲ ಗೀರುವಾಗ ಸೋಗೆ ಸುಲಿಯುವುದು, ಹಸಿ ಹುಲ್ಲಿನ ಹೊರೆ ಹೊತ್ತು ಮನೆಗೆ ಬರುವುದು. ಇಷ್ಟೆಲ್ಲ ಮಣ್ಣು ಮುಟ್ಟಿದ ಮೇಲೆ ಆ ಹಿರಿಯರ ಲೆಕ್ಕದಲ್ಲಿ ನಾನು ಊರಿಗೇ ನೆಮ್ಮದಿಯವಳಾಗಿರಬೇಕಿತ್ತು. ಆದರೆ ಯಾವ ಗದ್ದೆಗೆ ಯಾವ ತಳಿ ಎಂದು ನನ್ನನ್ನು ಒಬ್ಬರೂ ಕೇಳಿದ್ದಿಲ್ಲ. ಕಬ್ಬಿನ ದುಡ್ಡು ಎಷ್ಟು ಬಂತು ಎಂದು ಹೇಳಿದ್ದೂ ಇಲ್ಲ. ದುಡ್ಡು ತಡವಾದರೆ ಮಾತ್ರ ನನಗೆ ಗೊತ್ತಾಗುತ್ತಿತ್ತು. ಅವತ್ತು ಮನೆಯಲ್ಲಿ ಕೈ ಮೇಲೇಳುತ್ತಿತ್ತು. "ನಿಮ್ಮಪ್ಪ ಇನ್ನೊಂದು ಎಕರೆ ಮಡಗವ್ನಲ್ಲ, ಹೋಗಿ ಇಸ್ಕಂಡ್ ಬಾ" ಎಂಬ ಮಾತು ಬರುತ್ತಿತ್ತು.

ಆರನೇ ವರ್ಷಕ್ಕೆ ನನಗೆ ನಿದ್ದೆ ಹೋಯಿತು. ಎದೆ ಬಿಗಿಯುವುದು, ಊಟ ಸೇರದಿರುವುದು, ಮಗು ಅತ್ತರೂ ಎದ್ದು ಹೋಗಲು ಕಾಲು ಬಾರದಿರುವುದು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದರು. ಸೋಮಾರಿತನ ಎಂದು ಬೈದರು. ಕೊನೆಗೆ ತವರಿಗೆ ತಂದು ಬಿಟ್ಟರು.

ತವರಿನಲ್ಲಿ ಒಂದು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಅವ್ವ ಅಕ್ಷರ ಕಲಿತವಳಲ್ಲ. ಖಿನ್ನತೆ ಎಂಬ ಪದ ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳು ಎರಡು ಕೆಲಸ ಮಾಡಿದಳು. ಮೊದಲನೆಯದು, ಪಕ್ಕದೂರಿನ ನರ್ಸಮ್ಮನ ಮಾತು ಕೇಳಿ ನನ್ನನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎರಡನೆಯದು, ಮುಂಗಾರು ಬಿದ್ದ ದಿನ ಒಂದು ಮಡಕೆ ತಂದು ನನ್ನ ಮುಂದೆ ಇಟ್ಟಳು. ಅದರಲ್ಲಿ ಬೂದಿ ಬೆರೆಸಿಟ್ಟ ಅವರೆ ಬೀಜ ಇತ್ತು. "ಈ ಸಲ ಅಕ್ಕಡಿ ನಿಂದು ಕಣವ್ವ. ಏನು ಬಿತ್ತೀಯೋ ನಿನ್ನಿಷ್ಟ. ಬಂದ ದುಡ್ಡೂ ನಿಂದೇ" ಎಂದಳು.

ಅಕ್ಕಡಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾಲೆ ಬಯಲಿನ ಚಿಕ್ಕ ವಯಸ್ಸಿನವರು ಮರೆತಿರಬಹುದು, ಅವರಿಗೆ ಹೇಳುತ್ತೇನೆ. ರಾಗಿ ಹೊಲದಲ್ಲಿ ಇಷ್ಟಿಷ್ಟು ಸಾಲಿಗೆ ಒಂದು ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ ಹಾಕುತ್ತಾರೆ. ಅಂಚಿಗೆ ಸಾಸಿವೆ, ಹರಳು. ರಾಗಿ ಮನೆಯ ಯಜಮಾನನ ಲೆಕ್ಕಕ್ಕೆ ಹೋದರೆ ಅಕ್ಕಡಿ ಹೆಂಗಸರ ಲೆಕ್ಕ. ಬೀಜ ಕಾಪಾಡುವವಳು ಅವಳು, ಬಿಡಿಸುವವಳು ಅವಳು, ಸಂತೆಗೆ ಒಯ್ದು ಮಾರಿ ಬಂದ ಪುಡಿಗಾಸು ಅವಳ ಸೆರಗಿನ ಗಂಟಿಗೆ.

ಆ ವರ್ಷ ನಾನು ಅವರೆ, ಅಲಸಂದೆ ಬಿತ್ತಿದೆ. ಮೊದಲ ವಾರ ಅವ್ವ ಎಬ್ಬಿಸಿಕೊಂಡು ಹೋಗಬೇಕಿತ್ತು. ಮೊಳಕೆ ಬಂದ ಮೇಲೆ ನಾನೇ ಎದ್ದು ನೋಡಲು ಹೋದೆ. ಮುಯ್ಯಾಳಿಗೆ ಬಂದ ಅಕ್ಕಪಕ್ಕದವರು ಕಳೆ ಕೀಳುತ್ತ ತಮ್ಮ ಮನೆಯ ಕಥೆ ಹೇಳಿಕೊಂಡರು. ನನ್ನದೂ ಹೊರಗೆ ಬಂತು. ಮನೆಯಲ್ಲಿ ಕೂತು ಯಾರಿಗಾದರೂ ಹೇಳು ಎಂದಿದ್ದರೆ ಬಾಯಿ ಬರುತ್ತಿರಲಿಲ್ಲ. ಕೈ ಕೆಲಸದಲ್ಲಿದ್ದು, ಕಣ್ಣು ನೆಲದ ಮೇಲಿದ್ದಾಗ ಮಾತು ಬಂತು. ಅವರೆ ಹೂ ಬಿಡುವ ಹೊತ್ತಿಗೆ ನನಗೆ ಹಸಿವಾಗತೊಡಗಿತು. ಸಂತೆಯಲ್ಲಿ ಸೊಗಡವರೆ ಮಾರಿ ಬಂದ ದುಡ್ಡಿನಲ್ಲಿ ಮಗನಿಗೆ ಒಂದು ಅಂಗಿ ತಂದೆ. ಮದುವೆಯಾದ ಮೇಲೆ ನಾನೇ ಎಣಿಸಿ ಖರ್ಚು ಮಾಡಿದ ಮೊದಲ ದುಡ್ಡು ಅದು.

ಈಗ ಯೋಚಿಸಿ. ಮದ್ದೂರಿನ ಗದ್ದೆಯೂ ಮಣ್ಣೇ, ಮಳವಳ್ಳಿಯ ಹೊಲವೂ ಮಣ್ಣೇ. ಅಲ್ಲಿ ಹಿಡಿದ ಕುಡುಗೋಲೇ ಇಲ್ಲೂ ಹಿಡಿದದ್ದು. ಅಲ್ಲಿ ನೀರು ಹೆಚ್ಚು, ಬೆಳೆ ಹೆಚ್ಚು, ದುಡ್ಡು ಹೆಚ್ಚು. ಅಲ್ಲಿ ನನ್ನ ಮನಸ್ಸು ಮುರಿಯಿತು, ಇಲ್ಲಿ ಕೂಡಿಕೊಂಡಿತು. ಯಾಕೆ?

ನಾನು ಕಂಡುಕೊಂಡದ್ದು ಇಷ್ಟು. ಮಣ್ಣಿನ ಕೆಲಸ ಮನಸ್ಸಿಗೆ ಬಲ ಕೊಡುವುದು ನಿಜ. ಆದರೆ ಅದಕ್ಕೆ ಮೂರು ಸಂಗತಿ ಜೊತೆಗಿರಬೇಕು. ಏನು ಬೆಳೆಯಬೇಕೆಂದು ಹೇಳುವ ಹಕ್ಕು, ಬೆಳೆದದ್ದರ ದುಡ್ಡು ಕೈಗೆ ಬರುವುದು, ಜೊತೆಗೆ ಮಾತಾಡುವ ನಾಲ್ಕು ಜನ. ಈ ಮೂರೂ ಇಲ್ಲದ ಬೇಸಾಯ ಬರೀ ದುಡಿತ. ಅದರ ಮೇಲೆ ಹೊಡೆತವೂ ಸೇರಿದರೆ ಅದು ಜೀತ. ಜೀತ ಮಾಡಿ ಮನಸ್ಸು ಹಗುರ ಮಾಡಿಕೊಳ್ಳಿ ಎಂದು ಹೇಳಬಾರದು.

ಹಾಲೆಂಡ್, ನಾರ್ವೆಯಂಥ ದೇಶಗಳಲ್ಲಿ ಮನಸ್ಸು ಕುಗ್ಗಿದವರು ಹಗಲು ಹೊತ್ತು ರೈತರ ತೋಟಕ್ಕೆ ಹೋಗಿ ದನ ನೋಡಿಕೊಳ್ಳುವ, ಗಿಡ ಬೆಳೆಸುವ ಏರ್ಪಾಡು ಇದೆ. ಅದರಿಂದ ಅನುಕೂಲವಾಗಿದೆ. ಆದರೆ ಅಲ್ಲಿ ಹೋಗುವವರು ಇಷ್ಟಪಟ್ಟು ಹೋಗುತ್ತಾರೆ. ಸುಸ್ತಾದರೆ ಕೂರುತ್ತಾರೆ. ಹಾಲು ಚೆಲ್ಲಿದರೆ ಅವರಿಗೆ ಯಾರೂ ಹೊಡೆಯುವುದಿಲ್ಲ. ನಮ್ಮಲ್ಲಿ ಹಾಲು ಚೆಲ್ಲಿದ ಸೊಸೆಯ ಗತಿ ಏನು?

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಎಂಬ ಇಬ್ಬರು ಮದುವೆಯಾದ ಹೆಂಗಸರನ್ನು ಕೇಳಿ ಒಂದು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಹೊಲವೂ ಇಲ್ಲ, ಮನೆಯೂ ಇಲ್ಲ ಎನ್ನುವ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಬಹುಕಾಲ ಹೊಡೆತ ತಿಂದಿದ್ದರು. ಹೊಲ ಮಾತ್ರ ತಮ್ಮ ಹೆಸರಲ್ಲಿದ್ದವರಲ್ಲಿ 18 ಮಂದಿ. ಮನೆ ಮಾತ್ರ ಇದ್ದವರಲ್ಲಿ 10 ಮಂದಿ. ಎರಡೂ ಇದ್ದವರಲ್ಲಿ 7 ಮಂದಿ. ಹೊಡೆತ ಮನಸ್ಸನ್ನು ಮುರಿಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾದರೆ ಪಹಣಿಯಲ್ಲಿ ಹೆಂಗಸಿನ ಹೆಸರು ಇರುವುದೂ ಒಂದು ಔಷಧಿಯೇ ಅಲ್ಲವೇ?

ಇನ್ನು ನಮ್ಮ ಜಿಲ್ಲೆಯನ್ನೇ ನೋಡೋಣ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಜಿಲ್ಲೆ ಸಿರಿವಂತವಾಯಿತು, ಅದು ಸುಳ್ಳಲ್ಲ. ನನ್ನ ಅಜ್ಜಿಯ ಕಾಲದ ಹಸಿವು ನನ್ನ ಕಾಲಕ್ಕೆ ಇರಲಿಲ್ಲ. ಆದರೆ ಕಬ್ಬಿನಲ್ಲಿ ಅಕ್ಕಡಿ ಇಲ್ಲ. ವರ್ಷವಿಡೀ ಚೂರುಚೂರಾಗಿ ಹೆಂಗಸಿನ ಕೈಗೆ ಬರುತ್ತಿದ್ದ ಕಾಳು, ಸೊಪ್ಪು, ಪುಡಿಗಾಸು ನಿಂತಿತು. ಅದರ ಬದಲು ವರ್ಷಕ್ಕೊಮ್ಮೆ ಒಂದು ದೊಡ್ಡ ಮೊತ್ತ, ಅದೂ ಗಂಡಸಿನ ಕೈಗೆ. ಬೀಜದ ಮಡಕೆ ಮೂಲೆ ಸೇರಿತು. ಮಡಕೆಯ ಜೊತೆ ಹೆಂಗಸಿನ ಮಾತಿನ ಬೆಲೆಯೂ ಮೂಲೆ ಸೇರಿತು.

ಆ ದೊಡ್ಡ ಮೊತ್ತ ಬರುವ ಮೊದಲೇ ಸಾಲವಾಗಿರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಹದಿನಾಲ್ಕು ದಿನಕ್ಕೆ ಹಣ ಕಂಡವರು ನಮ್ಮಲ್ಲಿ ಎಷ್ಟು ಮಂದಿ? "ಕಬ್ಬಿನ ಬಿಲ್ಲು ಬಂದ ಮೇಲೆ ಮದುವೆ" ಎನ್ನುವುದು ನಮ್ಮೂರುಗಳಲ್ಲಿ ಮಾಮೂಲಿ ಮಾತು. ಬಿಲ್ಲು ಬಾರದಿದ್ದರೆ ಬಡ್ಡಿ ಸಾಲ ತಂದು ಮದುವೆ. ಕಲ್ಯಾಣಮಂಟಪ, ಚಿನ್ನ, ಗಾಡಿ. 1961ರಿಂದಲೂ ವರದಕ್ಷಿಣೆ ಅಪರಾಧ. ಆದರೂ ಬೆಳೆಸಾಲದ ಲೆಕ್ಕದೊಳಗೆ ವರದಕ್ಷಿಣೆ ಅಡಗಿ ಕೂತಿರುತ್ತದೆ. ರೈತ ಸೋತ ಎನ್ನುವಾಗ ಬೆಳೆಯಿಂದ ಸೋತನೋ, ಮಗಳ ಮದುವೆ ಸಾಲದಿಂದ ಸೋತನೋ ಎಂದು ಯಾರು ಬಿಡಿಸಿ ನೋಡುತ್ತಾರೆ?

2015ರಲ್ಲಿ ಕಬ್ಬಿನ ಬೆಲೆ ಬಿದ್ದು, ಬಾಕಿ ಹಣ ಬಾರದೆ ನಮ್ಮ ಜಿಲ್ಲೆಯಲ್ಲಿ ಒಬ್ಬರಾದ ಮೇಲೊಬ್ಬರು ರೈತರು ಜೀವ ಕಳೆದುಕೊಂಡದ್ದು ನಮಗೆ ನೆನಪಿದೆ. ಆ ಮನೆಗಳಿಗೆ ನಾವೂ ಹೋಗಿ ಕೂತು ಬಂದಿದ್ದೇವೆ. ಗಂಡಸರ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ಸೋತೆ ಎಂದು ಹೆಂಡತಿಯ ಹತ್ತಿರವೂ ಹೇಳಿಕೊಳ್ಳಬಾರದು ಎಂದು ಗಂಡಸಿಗೆ ಕಲಿಸಿದ್ದೂ ಈ ವ್ಯವಸ್ಥೆಯೇ. ಲೆಕ್ಕ ಹೆಂಡತಿಗೆ ಗೊತ್ತಿದ್ದಿದ್ದರೆ, ಭಾರ ಇಬ್ಬರ ಹೆಗಲ ಮೇಲಿದ್ದಿದ್ದರೆ, ಎಷ್ಟೋ ಜನ ಉಳಿಯುತ್ತಿದ್ದರೇನೋ.

ಆದರೆ ಇನ್ನೊಂದು ಲೆಕ್ಕ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು ಮತ್ತು ಕೃಷಿ ಕೂಲಿಗಳು ಸೇರಿ 10,881. ಅದೇ ವರ್ಷ 'ಗೃಹಿಣಿ' ಎಂದು ಬರೆಸಿಕೊಂಡವರು 23,178, ಎರಡು ಪಟ್ಟಿಗೂ ಹೆಚ್ಚು. ಇವರಲ್ಲಿ ಪೇಟೆಯವರೂ ಇದ್ದಾರೆ, ಹಳ್ಳಿಯವರೂ ಇದ್ದಾರೆ. ಹಳ್ಳಿಯ ಗೃಹಿಣಿ ಎಂದರೆ ಯಾರು? ನಾಟಿ ಹಾಕಿದವಳು, ಕಳೆ ಕಿತ್ತವಳು, ಹಸು ಕರೆದು ಡೇರಿಗೆ ಹಾಲು ಹಾಕಿದವಳು. ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಅವಳು ಬದುಕಿದ್ದಾಗಲೂ ರೈತಳಲ್ಲ, ಸತ್ತಾಗಲೂ ರೈತಳಲ್ಲ. ರೈತ ಸತ್ತರೆ ವರದಿ ಬರುತ್ತದೆ, ಪರಿಹಾರದ ಮಾತು ಬರುತ್ತದೆ. ಇವಳು ಸತ್ತರೆ ಹೊಟ್ಟೆನೋವು ತಾಳಲಾರದೆ ಎಂದು ಒಂದು ಸಾಲು.

ಹೆಣ್ಣನ್ನು ಹೊರೆ ಎಂದು ಕಂಡ ಊರು ಕೊನೆಗೆ ಎಲ್ಲಿಗೆ ಬಂದು ನಿಂತಿದೆ ನೋಡಿ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ರೈತ ಯುವಕರು ಪಾದಯಾತ್ರೆ ಹೋದರು. ಬೇಸಾಯ ಮಾಡುವವರಿಗೆ ಹೆಣ್ಣು ಕೊಡುತ್ತಿಲ್ಲ, ಮಾದಪ್ಪ ದಾರಿ ತೋರಿಸಲಿ ಎಂಬುದು ಅವರ ಹರಕೆ. ಕೆಲವರು ನಕ್ಕರು. ನನಗೆ ಆ ಹುಡುಗರ ಮೇಲೆ ಕನಿಕರವೇ ಬಂತು. ಒಂಟಿತನ ಗಂಡಿಗೂ ಭಾರವೇ. ಅದೇ ವರ್ಷದ ಕೊನೆಯಲ್ಲಿ ಮತ್ತೊಂದು ಸುದ್ದಿ ಬಂತು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯೊಳಗಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಪತ್ತೆ ಹಚ್ಚಿದರು. ಬೆಲ್ಲ ಬೇಯಬೇಕಾದ ಜಾಗದಲ್ಲಿ ಹೆಣ್ಣು ಕೂಸಿನ ಸಾವು ಗೊತ್ತಾಗುತ್ತಿತ್ತು. ಈ ಎರಡು ಸುದ್ದಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ಹುಟ್ಟಲು ಬಿಡದ ಹೆಣ್ಣನ್ನು ಮದುವೆಗೆ ಎಲ್ಲಿಂದ ತರುವುದು? ಹುಟ್ಟಿ ಬೆಳೆದ ಹೆಣ್ಣುಮಕ್ಕಳೂ ತಮ್ಮ ಅವ್ವಂದಿರ ಬೆನ್ನು ನೋಡಿದ್ದಾರೆ. ದುಡಿತ ಇದೆ, ಹಕ್ಕಿಲ್ಲ ಎಂದು ಗೊತ್ತಿದ್ದೇ ರೈತನ ಮನೆ ಬೇಡ ಎನ್ನುತ್ತಿದ್ದಾರೆ. ಜಂಟಿ ಪಹಣಿ ಇದ್ದು, ದುಡ್ಡಿನ ಲೆಕ್ಕ ಇಬ್ಬರಿಗೂ ಗೊತ್ತಿರುವ ಮನೆಗೆ ಹೆಣ್ಣು ಬಾರದೇ ಇರುತ್ತಾಳೆಯೇ?

"ಪಾಲು ಕೇಳಿದರೆ ತವರು ಮುರಿಯುತ್ತದೆ" ಎನ್ನುತ್ತಾರೆ. ಈ ಹೆದರಿಕೆ ನನಗೂ ಇತ್ತು. ಗೌರಿ ಹಬ್ಬಕ್ಕೆ ಮೊರದ ಬಾಗಿನ ಬರುತ್ತದೆ, ಅದು ನಿಂತುಹೋದರೆ ಹೆಣ್ಣಿಗೆ ಇನ್ನೇನಿದೆ ಎನ್ನುವ ಮಾತು ನಮ್ಮ ಎದೆಗೆ ಚುಚ್ಚುತ್ತದೆ. 2009ರಲ್ಲಿ ಅಪ್ಪ ತೀರಿಕೊಂಡರು. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಅಣ್ಣ ನನ್ನ ಹೆಸರು ಬಿಟ್ಟಿದ್ದ. ಕೇಳಿದ್ದಕ್ಕೆ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು, "ಸೈನ್ ಹಾಕವ್ವ, ನಿನ್ನ ಕೈ ಬಿಡಕ್ಕಿಲ್ಲ" ಎಂದ. ಅವತ್ತು ಸಂಘದ ಗೆಳತಿಯೊಬ್ಬಳು ಕಾನೂನು ವಿವರಿಸದಿದ್ದರೆ ಸಹಿ ಹಾಕಿಬಿಡುತ್ತಿದ್ದೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದಿತ್ತು. ಮದುವೆಯಾದ ಮಗಳಿಗೂ ಪಾಲು ಎಂದು ಅದು ಹೇಳುತ್ತದೆ. 1994ರಲ್ಲಿ ಮುಚ್ಚಿದ್ದ ಬಾಗಿಲು ನನಗೆ ತೆರೆದಿತ್ತು. 2004ರ ಡಿಸೆಂಬರ್ 20ಕ್ಕೆ ಮೊದಲು ಮಾರಿಹೋದ ಜಮೀನಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ನನ್ನ ಮದುವೆಗೆ ಮಾರಿದ ಎಕರೆ ಹೋದದ್ದು ಹೋಯಿತು. ಉಳಿದ ಎರಡು ಎಕರೆ ಇತ್ತು.

ಎರಡು ವರ್ಷ ಅಣ್ಣ ಮಾತು ಬಿಟ್ಟ. ಬಾಗಿನ ಬರಲಿಲ್ಲ. ಊರಿನ ಹಿರಿಯರು ಕೂತು ಮಾತಾಡಿ 20 ಗುಂಟೆ ನನ್ನ ಹೆಸರಿಗೆ ಆಯಿತು. ನನಗೆ ಇನ್ನೂ ಹೆಚ್ಚು ಬರಬೇಕಿತ್ತು. ಕಡಿಮೆಗೆ ಒಪ್ಪಿದ್ದು ಸರಿಯೋ ತಪ್ಪೋ ಎಂದು ಇವತ್ತಿಗೂ ನನ್ನಲ್ಲಿ ಜಗಳವಿದೆ. ಆದರೆ ಆ 20 ಗುಂಟೆಯ ಪಹಣಿಯನ್ನು ಕೈಯಲ್ಲಿ ಹಿಡಿದ ದಿನ, ಗಂಡ ಕರೆಸಿಕೊಳ್ಳದಿದ್ದರೆ ನನ್ನ ಗತಿ ಏನು ಎನ್ನುವ ಭಯ ಹೋಯಿತು. ಎಂಟು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಯ ಅದು. ಬಾಗಿನ ಮೂರನೇ ವರ್ಷಕ್ಕೆ ತಾನಾಗಿ ಬಂತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದ ಬಂದ ಹಕ್ಕು ಇದ್ದೇ ಇದೆ ಎಂದು ಸ್ಪಷ್ಟಪಡಿಸಿದೆ. ಆದ್ದರಿಂದ ಹಳೆಯ ಕಾಲದವರೂ ಕಾಗದ ತೆಗೆದು ನೋಡಿ. ಓದದೆ ಯಾವ ಪತ್ರಕ್ಕೂ ಹೆಬ್ಬೆಟ್ಟು ಒತ್ತಬೇಡಿ.

ಭೂಮಿಯೇ ಇಲ್ಲದ ಅಕ್ಕತಂಗಿಯರು ಏನು ಮಾಡಬೇಕು? ನಮ್ಮ ಸಂಘಗಳಲ್ಲಿ ಅವರೇ ಹೆಚ್ಚು. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕೂಲಿ ಮಹಿಳೆಯರಿಗಾಗಿಯೇ ಇದೆ. ಅರ್ಜಿ ಹಾಕಲು ಸಂಘ ಜೊತೆಗೆ ನಿಲ್ಲಬೇಕು. ಕೂಲಿ ಮಾಡುವವಳ ಕೂಲಿ ಅವಳ ಕೈಗೇ ಬರಬೇಕು. ಅವಳ ದುಡಿಮೆಯ ಹಣವನ್ನು ಕಿತ್ತುಕೊಳ್ಳುವುದು ಆರ್ಥಿಕ ಹಿಂಸೆ ಎಂದು 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯೇ ಹೇಳುತ್ತದೆ. ಆ ಕಾಯ್ದೆಯಡಿ ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ಹೋಗಬಹುದು. ಕೇರಳದ ಕುಟುಂಬಶ್ರೀ ಸಂಘಗಳ ಹೆಂಗಸರು ಗುಂಪು ಕಟ್ಟಿಕೊಂಡು ಭತ್ತ, ಬಾಳೆ, ತರಕಾರಿ ಬೆಳೆಯುತ್ತಿದ್ದಾರೆ. ನಮ್ಮ ಬೀದರಿನ ಗಡಿಯಾಚೆ ತೆಲಂಗಾಣದ ಜಹೀರಾಬಾದ್ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ಹೆಂಗಸರು ಬೀಳು ನೆಲ ಹಸನು ಮಾಡಿ ಸಿರಿಧಾನ್ಯ ಬೆಳೆದು ಬೀಜದ ಭಂಡಾರ ಕಟ್ಟಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು? ನಾವು ಸಾಲ ಕೊಟ್ಟು ಸಾಲ ವಸೂಲಿ ಮಾಡುವುದಕ್ಕೆ ಮಾತ್ರ ಸೇರಿದವರೇ?

ನಮ್ಮ ಸಂಘದಲ್ಲಿ ಆರು ಮಂದಿ ಸೇರಿ ನನ್ನ 20 ಗುಂಟೆಯಲ್ಲಿ ರಾಗಿಯ ಜೊತೆ ಅಕ್ಕಡಿ ಹಾಕುತ್ತೇವೆ. ಖರ್ಚು ಕಳೆದು ಉಳಿದದ್ದನ್ನು ಸಮವಾಗಿ ಹಂಚಿಕೊಳ್ಳುತ್ತೇವೆ. ದೊಡ್ಡ ದುಡ್ಡೇನೂ ಅಲ್ಲ. ಒಂದು ವರ್ಷ ಮಳೆ ಕೈಕೊಟ್ಟು ಬೀಜವೂ ಬರಲಿಲ್ಲ. ಆದರೆ ಕಳೆ ಕೀಳುವ ದಿನ ಯಾರು ಬಂದಿಲ್ಲ ಎಂದು ನೋಡುತ್ತೇವೆ. ಬಾರದವಳ ಮನೆಗೆ ಸಂಜೆ ಇಬ್ಬರು ಹೋಗುತ್ತೇವೆ. ಹಾಗೆ ಹೋದಾಗಲೇ ಒಬ್ಬಳ ಮೈಮೇಲಿನ ಬಾಸುಂಡೆ ಕಂಡದ್ದು, ಮತ್ತೊಬ್ಬಳು ಮೂರು ದಿನದಿಂದ ಉಂಡಿಲ್ಲ ಎಂದು ಗೊತ್ತಾದದ್ದು. ಹೊಲ ನಮಗೆ ಹಾಜರಿ ಪುಸ್ತಕ ಇದ್ದಂತೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಲ ಡಾಕ್ಟರಲ್ಲ. ನಾನು ಮೇಲೆದ್ದದ್ದು ಅವರೆಯಿಂದ ಮಾತ್ರವಲ್ಲ, ಮಾತ್ರೆಯಿಂದಲೂ ಹೌದು. ಹಳ್ಳಿಯ ಆಸ್ಪತ್ರೆಯಲ್ಲೂ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಸಂಘದ ಗೋಡೆಯ ಮೇಲೆ ಬರೆದಿಡಿ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಬೆಳೆಗೆ ಹೊಡೆಯುವ ವಿಷದ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಬೇಕಾದಷ್ಟೇ ತಂದು ಅವತ್ತೇ ಮುಗಿಸಿ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ 1995ರಿಂದ ಈಚೆಗೆ ಆತ್ಮಹತ್ಯೆಗಳು ಬಹಳ ಇಳಿದವು. ಆ ಒಂದು ಕೆಟ್ಟ ಗಳಿಗೆ ಕಳೆದರೆ ಮನುಷ್ಯ ಉಳಿಯುತ್ತಾನೆ ಎಂಬುದಕ್ಕೆ ಅದೇ ಸಾಕ್ಷಿ. ಯಾರಾದರೂ ಅಂಥ ಪ್ರಯತ್ನ ಮಾಡಿ ಉಳಿದರೆ ಪೊಲೀಸು ಕೇಸಿನ ಹೆದರಿಕೆಯಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಅಪರಾಧಿಯಾಗಿ ನೋಡುವುದಿಲ್ಲ, ಆರೈಕೆ ಬೇಕಾದವರಾಗಿ ನೋಡುತ್ತದೆ.

ಅವತ್ತು ತರಬೇತಿ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಆ ಮಳವಳ್ಳಿ ಅಕ್ಕ ನನ್ನ ಪಕ್ಕವೇ ಕೂತಳು. "ನಿನ್ನ ಹೆಸರಲ್ಲಿ ಏನಾದ್ರೂ ಐತಾ ಅಕ್ಕ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ರೇಷನ್ ಕಾರ್ಡು ಐತೆ ಕಣವ್ವ" ಎಂದಳು. ಈಗ ಅವಳ ಊರಿನ ಸಂಘದವರು ಅವಳ ತವರಿನ ಪಹಣಿ ತೆಗೆಸಿದ್ದಾರೆ. ಅದರಲ್ಲಿ ಅವಳ ಅಪ್ಪನ ಹೆಸರು ಇನ್ನೂ ಹಾಗೇ ಇದೆ. ಇಬ್ಬರು ತಮ್ಮಂದಿರು ಖಾತೆ ಮಾಡಿಸಲು ಓಡಾಡುತ್ತಿದ್ದಾರೆ. ಅವಳ ಹೆಸರು ಸೇರುತ್ತದೋ ಇಲ್ಲವೋ ಹೇಳಲಾರೆ. ಆದರೆ ಅವಳು ಕೇಳಿದ್ದಾಳೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವ ಮೊದಲು ಒಂದು ಸುತ್ತು ಇದೇ ಪ್ರಶ್ನೆ ಕೇಳಿ ನೋಡಿ: ನಿಮ್ಮ ಹೆಸರಿನಲ್ಲಿ ಏನಿದೆ? ಮಗಳ ಮದುವೆಗೆ ಹೊಲ ಮಾರಲು ಹೊರಟ ಮನೆ ನಿಮ್ಮ ಬೀದಿಯಲ್ಲಿದ್ದರೆ ಹೋಗಿ ಒಂದು ಮಾತು ಹೇಳಿ. ಮಾರಿ ಕೊಡುವ ದುಡ್ಡು ಬೇರೆಯವರ ಮನೆ ಸೇರುತ್ತದೆ. ಆ ಹೊಲವನ್ನೇ ಮಗಳ ಹೆಸರಿಗೆ ಮಾಡಿದರೆ ಅವಳು ಯಾವತ್ತು ಬಂದರೂ ನಿಲ್ಲಲು ಒಂದು ಜಾಗ ಇರುತ್ತದೆ.